ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರು ನಿಲ್ಲಿಸಬೇಡಿ

"ಆಟೊಮ್ಯಾಟಿಕ್ ಗಾಡಿ ಅಲ್ವಾ ಸಾರ್, ಅದರಲ್ಲಿ ಕ್ಲಚ್ ಎಲ್ಲಿಂದ ಬಂತು?" ಕ್ಲಚ್ ಪ್ಲೇಟ್ ಸುಟ್ಟಿದೆ ಎಂದ ಕೂಡಲೇ ಎಎಂಟಿ (ಗೇರನ್ನೂ ಕ್ಲಚ್ಚನ್ನೂ ಯಂತ್ರವೇ ನಡೆಸುವ ಆಟೊಮೇಟೆಡ್ ಮ್ಯಾನ್ಯುಯಲ್) ಕಾರಿನವರು ಕೇಳುವುದು ಇದನ್ನೇ. ಹಿಂದೆಯೇ ಇನ್ನೊಂದು ಮಾತು: "ಬಿಎಂಟಿಸಿ ವೋಲ್ವೊ ಅಷ್ಟು ಜನರನ್ನು ತುಂಬಿಕೊಂಡು ದಿನವಿಡೀ ಫ್ಲೈಓವರ್ ಏರಲ್ಲಿ ನಿಂತು ನಿಂತು ಹೋಗುತ್ತೆ, ಅದಕ್ಕೇನೂ ಆಗಲ್ವಲ್ಲ?"

ಆ ಬಸ್ಸೂ ನಿಮ್ಮ ಕಾರೂ ಒಂದೇ ಜಾತಿಯವಲ್ಲ. 2006ರಿಂದ ಬೆಂಗಳೂರು ನೋಡಿರುವ ಆ ಬಸ್ಸುಗಳಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಇದೆ. ಹೊರಡುವಾಗ ಬಲ ದಾಟುವುದು ಎಣ್ಣೆಯ ಮೂಲಕ. ಬಿಸಿಯಾಗುವುದೂ ಎಣ್ಣೆಯೇ, ಅದನ್ನು ತಣಿಸಲು ಕೂಲರ್ ಇರುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನ ಜೊತೆ ನಮ್ಮ ರಸ್ತೆಗೆ ಬಂದ ಎಎಂಟಿ ಒಳಗಿಂದ ಅಪ್ಪಟ ಮ್ಯಾನ್ಯುಯಲ್. ಅದೇ ಒಣ ಕ್ಲಚ್ ಪ್ಲೇಟ್, ಅದೇ ಪ್ರೆಶರ್ ಪ್ಲೇಟ್, ಅದೇ ರಿಲೀಸ್ ಬೇರಿಂಗ್. ನಿಮ್ಮ ಎಡಗಾಲಿನ ಕೆಲಸವನ್ನು, ಕಂಪ್ಯೂಟರ್ ಹೇಳಿದಂತೆ ಕ್ಲಚ್ ಒತ್ತಿ ಬಿಡುವ ಆಕ್ಚುಯೇಟರ್ ಎಂಬ ಭಾಗ ಮಾಡುತ್ತದೆ, ಅಷ್ಟೇ.

ಏರಿನಲ್ಲಿ ಬ್ರೇಕ್ ಬಿಟ್ಟು, ಹಿಂದಕ್ಕೆ ಜಾರದಷ್ಟೇ ಆಕ್ಸಿಲರೇಟರ್ ಒತ್ತಿ ನಿಂತರೆ ಆ ಕಂಪ್ಯೂಟರ್ ಪಾಪ ಏನು ಮಾಡಬೇಕು? ಪ್ಲೇಟನ್ನು ಅರ್ಧ ಹಿಡಿಸಿ ಉಜ್ಜುತ್ತಾ ಇರುತ್ತದೆ. ಮ್ಯಾನ್ಯುಯಲ್ ಗಾಡಿಯಲ್ಲಿ ಹಾಫ್ ಕ್ಲಚ್‌ನಲ್ಲಿ ನಿಂತವರನ್ನು ಬೈಯುವವರೇ ಇಲ್ಲಿ ಅದನ್ನೇ ಮಾಡುತ್ತಾರೆ. ಕಾಲಿಗೆ ಏನೂ ಗೊತ್ತಾಗುವುದಿಲ್ಲ, ಮೂಗಿಗೆ ಸುಟ್ಟ ವಾಸನೆ ಬಂದಾಗಲೇ ಗೊತ್ತಾಗುವುದು. ಮಾಲ್ ಬೇಸ್‌ಮೆಂಟಿನ ರ‍್ಯಾಂಪ್ ಮೇಲೆ ರಿವರ್ಸ್‌ನಲ್ಲಿ ಇಂಚಿಂಚಾಗಿ ಏರಿಸುವುದಂತೂ ಎಲ್ಲಕ್ಕಿಂತ ಕೆಟ್ಟದ್ದು.

ದಯವಿಟ್ಟು ಹೀಗೆ ಮಾಡಿ. ನಿಂತಾಗ ಪಾದ ಬ್ರೇಕ್ ಮೇಲೇ ಇರಲಿ. ಅರ್ಧ ನಿಮಿಷ ಮೀರುವಂತಿದ್ದರೆ ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ಗೆ ತನ್ನಿ. ಮುಂದಿನ ಗಾಡಿ ಒಂದಡಿ ಸರಿದ ಕೂಡಲೇ ನೀವೂ ಸರಿಯಬೇಕಿಲ್ಲ, ಎರಡು ಕಾರಿನಷ್ಟು ಜಾಗ ಆಗಲಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಹೊರಡುವಾಗ ಬ್ರೇಕ್ ಒತ್ತಿಕೊಂಡೇ ಡಿ (ಡ್ರೈವ್) ಗೇರಿಗೆ ಹಾಕಿ, ಒಂದು ಕ್ಷಣ ಬಿಟ್ಟು ಆಕ್ಸಿಲರೇಟರ್ ಕೊಡಿ, ಗಾಡಿ ಮುಂದಕ್ಕೆ ಎಳೆಯುವುದು ತಿಳಿದಾಗ ಹ್ಯಾಂಡ್‌ಬ್ರೇಕ್ ಬಿಡಿ. ಬ್ರೇಕ್ ಬಿಟ್ಟಾಗ ಏರಿನಲ್ಲಿ ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಇದೆ ಎಂದು ನಂಬಿ ಕೂರಬೇಡಿ, ಅದು ಸಾಮಾನ್ಯವಾಗಿ ಎರಡು ಸೆಕೆಂಡಿನ ಆಸರೆ. ಘಾಟಿ ಇಳಿಯುವಾಗ ಮ್ಯಾನ್ಯುಯಲ್ ಮೋಡ್‌ಗೆ ತಂದು ಎರಡನೇ ಗೇರ್ ಹಿಡಿಯಿರಿ. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

ಒಣ ಕ್ಲಚ್‌ನ ಡಿಸಿಟಿ (ಎರಡು ಕ್ಲಚ್ ಇರುವ ಆಟೊಮ್ಯಾಟಿಕ್) ಕಾರುಗಳಿಗೂ ಇದೇ ಎಚ್ಚರ ಬೇಕು. ಮಾಡೆಲ್‌ನಿಂದ ಮಾಡೆಲ್‌ಗೆ ವ್ಯತ್ಯಾಸವಿರುತ್ತದೆ, ನಿಮ್ಮ ಗಾಡಿಯ ಮ್ಯಾನ್ಯುಯಲ್ ಪುಸ್ತಕ ಒಮ್ಮೆ ಓದಿ.

ವಾಸನೆ ಬಂದರೆ ಅಥವಾ ಮೀಟರಿನಲ್ಲಿ ಎಚ್ಚರಿಕೆ ಕಂಡರೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಹತ್ತು ಹದಿನೈದು ನಿಮಿಷ ಆರಲು ಬಿಡಿ. ಆಮೇಲೂ ಹೊರಡುವಾಗ ಗಾಡಿ ನಡುಗಿದರೆ, ಎಂಜಿನ್ ಕೂಗಿ ವೇಗ ಏರದಿದ್ದರೆ ಪ್ಲೇಟ್ ಮುಗಿದಿದೆ ಎಂದೇ ಶಂಕಿಸಬೇಕು. ಬಿಚ್ಚಿದಾಗ, ಪ್ಲೇಟ್ ಉಜ್ಜುವ ಫ್ಲೈವೀಲ್ ಚಕ್ರದ ಮೇಲೆ ಅತಿಯಾಗಿ ಕಾದ ಗುರುತಾದ ನೀಲಿ ಕಲೆಗಳಿವೆಯೇ ಎಂದು ನೀವೇ ನೋಡಿ. ಹೊಸ ಕ್ಲಚ್ ಕೂಡಿಸಿದ ಮೇಲೆ ಸ್ಕ್ಯಾನರ್ ಹಚ್ಚಿ ಆಕ್ಚುಯೇಟರಿಗೆ ಹೊಸ ಪ್ಲೇಟ್ ಎಲ್ಲಿ ಹಿಡಿಯುತ್ತದೆಂದು ಕಲಿಸಲೇಬೇಕು. ಕ್ಯಾಲಿಬ್ರೇಷನ್ ಎನ್ನುವುದು ಇದನ್ನೇ, ಮಾಡಿದ್ದಾರೆಯೇ ಎಂದು ಬಿಲ್ ಕಟ್ಟುವ ಮುಂಚೆ ಕೇಳಿ.