ಕೊಟ್ಟಿಗೆಗೆ ಕರೆಂಟು: ಮೊದಲು ನೆಲ ನೋಡಿ, ಆಮೇಲೆ ಬಲ್ಬು

‘ಒಂದು ಬಲ್ಬು, ಒಂದು ಪ್ಲಗ್ ಪಾಯಿಂಟ್, ಅಷ್ಟೇ. ಮನೆಯಿಂದ ಒಂದು ವೈರು ಎಳೆದುಬಿಡಿ.’ ಮಲೆನಾಡಿನಲ್ಲಿ ವೈರಿಂಗ್ ಕೆಲಸ ಮಾಡುವವರೆಲ್ಲ ಈ ಮಾತು ಕೇಳಿರುತ್ತಾರೆ. ಕೊಟ್ಟಿಗೆ ಮನೆಯಿಂದ ಐವತ್ತು ಅರವತ್ತು ಮೀಟರ್ ಆಚೆ ಇರುತ್ತದೆ. ಬಲ್ಬು ಹಾಕಿದ ವರ್ಷದೊಳಗೆ ಹುಲ್ಲು ಕತ್ತರಿಸುವ ಮಿಷನ್ ಬರುತ್ತದೆ, ಆಮೇಲೆ ಹಾಲು ಕರೆಯುವ ಮಿಷನ್, ಪಕ್ಕದಲ್ಲೇ ಅಡಿಕೆ ಸುಲಿಯುವುದೂ ಬರುತ್ತದೆ. ಎಲ್ಲವೂ ಬಲ್ಬಿಗೆಂದು ಎಳೆದ ಅದೇ ವೈರಿನ ಮೇಲೆ.

ನಾನು ಮೊದಲು ನೋಡುವುದು ಕೊಟ್ಟಿಗೆಯ ನೆಲ. ಮನೆಯೊಳಗೆ ನಾವು ಓಡಾಡುವುದು ಒಣ ಟೈಲ್ಸ್ ಮೇಲೆ. ಕೊಟ್ಟಿಗೆಯಲ್ಲಿ ಸಿಮೆಂಟು ನೆಲ ಗಂಜಲ, ನೀರು ಕುಡಿದು ಸದಾ ಒದ್ದೆ. ಹಸು ನಿಂತಿರುವುದು ಅದರ ಮೇಲೆ, ಬರಿಗಾಲಲ್ಲಿ, ಮೂತಿ ಕಬ್ಬಿಣದ ನೀರಿನ ತೊಟ್ಟಿಯಲ್ಲಿ. ಮೂತಿಯಿಂದ ಗೊರಸಿನವರೆಗೆ ಹಸುವಿನ ಮೈ ಕರೆಂಟಿಗೆ ಒಡ್ಡುವ ತಡೆ ಸುಮಾರು 500 ಓಮ್ ಅಂತ ಲೆಕ್ಕ ಹಿಡಿಯುತ್ತಾರೆ. ಮನುಷ್ಯನಿಗೆ ಸಾಮಾನ್ಯವಾಗಿ ಹಿಡಿಯುವುದರ ಅರ್ಧ. ಚಪ್ಪಲಿ ಹಾಕಿದ ನಮಗೆ ಗೊತ್ತೇ ಆಗದ ಕೆಲವೇ ವೋಲ್ಟು ಅದಕ್ಕೆ ಚುರುಕ್ ಅನ್ನುತ್ತದೆ. ಹಸು ತೊಟ್ಟಿಯ ಹತ್ತಿರ ಹೋಗಿ ಹಿಂದೆ ಸರಿಯುತ್ತಿದ್ದರೆ, ಹಾಲು ಕರೆಯುವಾಗ ವಿನಾಕಾರಣ ಒದೆಯುತ್ತಿದ್ದರೆ, ಡಾಕ್ಟರ ಜೊತೆ ಎಲೆಕ್ಟ್ರಿಷಿಯನ್‌ನನ್ನೂ ಕರೆಸಿ.

‘ಅರ್ಥಿಂಗ್ ಇದೆಯಲ್ಲ’ ಅನ್ನುತ್ತಾರೆ. ಇದೆ, ಸರಿ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವುದು ಅದರ ಕೆಲಸ. ಆದರೆ ಅದೊಂದೇ ಸಾಲುವುದಿಲ್ಲ. ಲೆಕ್ಕ ಹಾಕಿ ನೋಡೋಣ. ನಿಮ್ಮ ಅರ್ಥ್ ಪಿಟ್ಟಿನ (ಅರ್ಥ್ ವೈರು ನೆಲಕ್ಕಿಳಿಯುವ ಗುಂಡಿಯ) ತಡೆ 10 ಓಮ್, ಟ್ರಾನ್ಸ್‌ಫಾರ್ಮರ್ ಬಳಿಯ ಅರ್ಥಿಂಗಿನದು 2 ಓಮ್ ಅಂತ ಇಟ್ಟುಕೊಳ್ಳಿ. ಮೋಟಾರಿನ ಒಳಗೆ ಫೇಸ್ ವೈರು ಸವೆದು ಬಾಡಿಗೆ ತಾಗಿತು. ಆಗ ಮಣ್ಣಿನ ಮೂಲಕ ಹರಿಯುವ ಕರೆಂಟು 230 ಭಾಗಿಸು 12, ಅಂದರೆ ಸುಮಾರು 19 ಆಂಪಿಯರ್. ಬೋರ್ಡಿನಲ್ಲಿರುವ 16 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಲೈನು ಕತ್ತರಿಸುವ ಸ್ವಿಚ್) ಇಷ್ಟಕ್ಕೆ ತಟ್ಟನೆ ಬೀಳುವುದಿಲ್ಲ. ಒಂದು ಗಂಟೆ ಕಳೆದರೂ ಬೀಳದೆ ಇರಬಹುದು. ಅಷ್ಟೂ ಹೊತ್ತು ಮಿಷನ್ನಿನ ಬಾಡಿಯ ಮೇಲೆ 190 ವೋಲ್ಟ್ ಕೂತಿರುತ್ತದೆ. ಅರ್ಥಿಂಗ್ ಇದ್ದೂ ಹೀಗೆ! ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಏಪ್ರಿಲ್ ಹೊತ್ತಿಗೆ ಪಿಟ್ ಒಣಗಿದರೆ ತಡೆ 10 ಓಮ್‌ಗಿಂತಲೂ ಮೇಲೇರುತ್ತದೆ.

ಫೇಸ್‌ಗೂ ಅರ್ಥ್‌ಗೂ ಬಲ್ಬು ಹಚ್ಚಿ ‘ನೋಡಿ, ಉರೀತಿದೆ, ಅರ್ಥಿಂಗ್ ಫಸ್ಟ್ ಕ್ಲಾಸ್’ ಅನ್ನುವ ರೂಢಿ ಇದೆ. ದಯವಿಟ್ಟು ಅದನ್ನು ನಂಬಬೇಡಿ. 100 ವಾಟ್ ಬಲ್ಬು ಎಳೆಯುವುದು ಅರ್ಧ ಆಂಪಿಯರಿಗೂ ಕಡಿಮೆ. ಪಿಟ್ಟಿನ ತಡೆ 50 ಓಮ್ ಇದ್ದರೂ ಬಲ್ಬಿಗೆ 200 ವೋಲ್ಟಿಗಿಂತ ಜಾಸ್ತಿ ಸಿಗುತ್ತದೆ, ಜೋರಾಗೇ ಉರಿಯುತ್ತದೆ. ಅರ್ಥ್ ಟೆಸ್ಟರ್ ಇಟ್ಟು ಅಳೆಯಿರಿ ಅಂತ ಕೇಳುವ ಹಕ್ಕು ನಿಮಗಿದೆ.

ಜೀವ ಉಳಿಸುವುದು ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್. ಹೋದ ಕರೆಂಟೆಲ್ಲ ವಾಪಸ್ ಬಂತಾ ಅಂತ ಅದು ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ನೆಲಕ್ಕೆ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕತ್ತರಿಸುತ್ತದೆ. ಪಿಟ್ಟಿನ ತಡೆ 100 ಓಮ್‌ಗೆ ಏರಿದ್ದರೂ ಅದು ಕೆಲಸ ಮಾಡುತ್ತದೆ. ಕೊಟ್ಟಿಗೆಯ ಬೋರ್ಡಿನಲ್ಲೇ 30 ಮಿಲಿಆಂಪಿಯರಿನದು ಒಂದು ಇರಲಿ. ಮನೆಯ ಆರ್‌ಸಿಸಿಬಿಯ ನಂತರದಿಂದ ಕೊಟ್ಟಿಗೆಯ ಲೈನ್ ತೆಗೆಯಬೇಡಿ. ಹಾಗೆ ಮಾಡಿದರೆ ಕೊಟ್ಟಿಗೆಯಲ್ಲಿ ತಪ್ಪಾದಾಗ ಮನೆಯೂ ಕತ್ತಲಾಗುತ್ತದೆ, ಸಿಟ್ಟಿಗೆ ಯಾರೋ ಅದನ್ನು ಬೈಪಾಸ್ ಮಾಡುತ್ತಾರೆ. ಮೇನ್ ಸ್ವಿಚ್ ಆದ ಕೂಡಲೇ ಕೊಟ್ಟಿಗೆಗೆ ಬೇರೆ ಎಂಸಿಬಿ ಕೊಡಿ. ಅದರ ಜೊತೆ 100 ಅಥವಾ 300 ಮಿಲಿಆಂಪಿಯರಿನ, ತುಸು ತಡವಾಗಿ ಬೀಳುವ ಆರ್‌ಸಿಸಿಬಿ ಇಟ್ಟರೆ ನಡುವಿನ ಕೇಬಲ್ಲಿಗೂ ರಕ್ಷಣೆ.

ಕೊಟ್ಟಿಗೆಯ ಬಳಿ ಬೇರೆ ಅರ್ಥ್ ಪಿಟ್ ತೆಗೆಸಿ, ಮನೆಯಿಂದ ಬಂದ ಅರ್ಥ್ ವೈರಿಗೂ ಅದನ್ನು ಸೇರಿಸಿ. ಕಬ್ಬಿಣದ ಕಂಬ, ಗೊಂತಿನ ಪೈಪು, ನೀರಿನ ತೊಟ್ಟಿ, ಹೊಸದಾಗಿ ಸಿಮೆಂಟು ಹಾಕುವುದಾದರೆ ನೆಲದೊಳಗಿನ ಕಬ್ಬಿಣದ ಜಾಲರಿ, ಇಷ್ಟನ್ನೂ ತಾಮ್ರದ ತಂತಿಯಿಂದ ಒಂದಕ್ಕೊಂದು ಜೋಡಿಸಿ ಆ ಅರ್ಥ್‌ಗೇ ಕೊಡಿ. ಹಸು ಏನನ್ನು ಮುಟ್ಟಿದರೂ, ಎಲ್ಲಿ ನಿಂತರೂ ವೋಲ್ಟೇಜ್ ಒಂದೇ ಇದ್ದರೆ ಅದರ ಮೈಯಲ್ಲಿ ಕರೆಂಟು ಹರಿಯುವುದಿಲ್ಲ. ಜಾಲರಿ ಜೋಡಿಸಲು ನೆಲ ಹಾಕುವ ದಿನ ಬಿಟ್ಟರೆ ಮತ್ತೆ ಅವಕಾಶ ಇಲ್ಲ. ಹಾಗಾಗಿ ಗಾರೆಯವರು ಬರುವ ಮೊದಲೇ ನಮಗೆ ಹೇಳಿ.

ಇನ್ನು ವೈರಿನ ದಪ್ಪ. ಒಂದೂವರೆ ಎಚ್‌ಪಿ ಸಿಂಗಲ್ ಫೇಸ್ ಮೋಟಾರು ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ 50ರ ಹತ್ತಿರ. ಅರವತ್ತು ಮೀಟರಿಗೆ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರು ಹಾಕಿದರೆ ಶುರುವಿನಲ್ಲಿ 70 ವೋಲ್ಟಿನಷ್ಟು ದಾರಿಯಲ್ಲೇ ನಷ್ಟ. ಹಳ್ಳಿಯಲ್ಲಿ ಸಂಜೆ ಲೈನಿನಲ್ಲಿ ಬರುವುದೇ 200 ವೋಲ್ಟ್ ಆದರೆ ಮೋಟಾರಿಗೆ ಸಿಗುವುದು 130. ಅದು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ, ವೈಂಡಿಂಗ್ ಸುಟ್ಟುಹೋಗುತ್ತದೆ. ‘ಮೋಟಾರ್ ಕಂಪನಿ ಸರಿ ಇಲ್ಲ’ ಅನ್ನುವ ಎಷ್ಟೋ ದೂರುಗಳ ಮೂಲ ಇದೇ. 6 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ 20 ವೋಲ್ಟಿನೊಳಗೆ. ತಾಮ್ರ ದುಬಾರಿ ಅನಿಸಿದರೆ 10 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಹಾಕಿ, ಎರಡರ ತಡೆಯೂ ಒಂದೇ. ಆದರೆ ತುದಿಯಲ್ಲಿ ಅಲ್ಯೂಮಿನಿಯಂ ತಾಮ್ರ ಎರಡೂ ಸೇರುವಲ್ಲಿ ಬೈಮೆಟಲ್ ಲಗ್ (ಎರಡೂ ಲೋಹಕ್ಕೆ ಹೊಂದುವ ಜೋಡಣೆಯ ತುಂಡು) ಬೇಕು. ಸುಮ್ನೆ ಸುತ್ತಿ ಟೇಪ್ ಹಾಕಿದರೆ ಒಂದೆರಡು ಮಳೆಗಾಲದಲ್ಲಿ ಜಾಯಿಂಟ್ ಕರಗುತ್ತದೆ.

ಕೇಬಲ್ ನೆಲದಡಿ ಹೋಗುವುದೇ ಒಳ್ಳೆಯದು. ಆರ್ಮರ್ಡ್ ಕೇಬಲ್ (ಲೋಹದ ಕವಚ ಇರುವುದು), ಎರಡೂವರೆ ಅಡಿ ಆಳ, ಕೆಳಗೆ ಮೇಲೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು. ಮೇಲಿಂದ ಎಳೆದರೆ ಹುಲ್ಲಿನ ಟ್ರ್ಯಾಕ್ಟರ್ ತಾಗುತ್ತದೆ, ಆಷಾಢದ ಗಾಳಿಗೆ ಕೊಂಬೆ ಬೀಳುತ್ತದೆ, ಅಡಿಕೆ ಕೊಯ್ಯುವ ದೋಟಿ ತಗುಲುತ್ತದೆ. ಅಲ್ಯೂಮಿನಿಯಂ ದೋಟಿ ಅಪಾಯ ಅಂತ ಎಲ್ಲರಿಗೂ ಗೊತ್ತು. ಈಗಿನ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟು ಹರಿಯುತ್ತದೆ, ನೆನಪಿರಲಿ. ಎಲ್ಲಕ್ಕಿಂತ ನನಗೆ ಭಯ ಜಿಐ ತಂತಿಯದು, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿಯದು. ಸರ್ವಿಸ್ ವೈರಿನ ಆಸರೆಗೆ ಕಟ್ಟಿದ ಆ ತಂತಿ ಗಾಳಿಗೆ ಉಜ್ಜಿ ಉಜ್ಜಿ ವೈರಿನ ಸಿಪ್ಪೆ ತೆಗೆಯುತ್ತದೆ, ಆಗ ಕರೆಂಟು ತಂತಿಗೇ ಬರುತ್ತದೆ. ಅದೇ ಕೊಕ್ಕೆಗೆ ಬಟ್ಟೆ ಒಣಗಿಸುವ ತಂತಿಯನ್ನೂ ಕಟ್ಟಿರುವ ಅಂಗಳ ಬೇಕಾದಷ್ಟಿದೆ. ಮನೆಯ ಹೆಣ್ಣುಮಕ್ಕಳು ಒದ್ದೆ ಬಟ್ಟೆ ಹಿಡಿದು ನಿಲ್ಲುವುದು ಅಲ್ಲೇ ಅಲ್ವಾ? ನಿಮ್ಮಲ್ಲಿ ಹಾಗಿದ್ದರೆ ಇವತ್ತೇ ಬಟ್ಟೆ ತಂತಿ ಬಿಚ್ಚಿ, ನೈಲಾನ್ ಹಗ್ಗ ಕಟ್ಟಿ.

ಹುಲ್ಲಟ್ಟದಲ್ಲಿ ಇಲಿ ವೈರು ಕಡಿಯುತ್ತದೆ, ಆದ್ದರಿಂದ ಬರಿ ವೈರು ಬೇಡ, ಪೈಪಿನೊಳಗೆ ಹೋಗಲಿ. ದೀಪ ಧೂಳು ನೀರು ಹೋಗದ ಮುಚ್ಚಿದ ಎಲ್‌ಇಡಿ ಆಗಿರಲಿ, ಹುಲ್ಲಿನಿಂದ ದೂರ ಇರಲಿ. ಲೋಡ್ ಜಾಸ್ತಿಯಾದರೆ ಮೆಸ್ಕಾಂ ಇರಲಿ, ಬೆಸ್ಕಾಂ ಇರಲಿ, ನಿಮ್ಮ ಕಚೇರಿಗೆ ತಿಳಿಸಿ ಮಂಜೂರು ಮಾಡಿಸಿಕೊಳ್ಳಿ. ಕೆಲಸ ಲೈಸೆನ್ಸ್ ಇರುವವರಿಂದಲೇ ಆಗಲಿ.

ಮಳೆಗಾಲದಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಅಂತ ಫೋನ್ ಬರುತ್ತದೆ. ಅದು ಬೀಳುತ್ತಿದೆ ಅಂದರೆ ಎಲ್ಲೋ ಕರೆಂಟು ಸೋರುತ್ತಿದೆ. ಎಲ್ಲ ಪ್ಲಗ್ ತೆಗೆಯಿರಿ, ಆರ್‌ಸಿಸಿಬಿ ಎತ್ತಿ, ಒಂದೊಂದಾಗಿ ಹಾಕುತ್ತಾ ಬನ್ನಿ. ಯಾವುದು ಹಾಕಿದಾಗ ಬಿತ್ತೋ ಆ ಮಿಷನ್ ಬದಿಗಿಡಿ. ಯಾವುದೂ ಹಾಕದೆಯೇ ಬೀಳುತ್ತಿದ್ದರೆ ನೀರು ಇಳಿದ ಜಂಕ್ಷನ್ ಬಾಕ್ಸ್ ಹುಡುಕಬೇಕು, ಅಥವಾ ಕೊಟ್ಟಿಗೆಯಲ್ಲಿ ಯಾರೋ ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಿರುತ್ತಾರೆ. ಅದು ನಮ್ಮ ಕೆಲಸ. ನಿಮ್ಮ ಕೆಲಸ ತಿಂಗಳಿಗೊಮ್ಮೆ ಅದರ ಮೇಲಿನ ‘ಟಿ’ ಬಟನ್ ಒತ್ತುವುದು. ಒತ್ತಿದಾಗ ಬೀಳದಿದ್ದರೆ ಅದೇ ದಿನ ಬದಲಿಸಿ.