ಫ್ರಿಜ್ಜಿನೊಳಗೆ ಬೈಕಿನ ಕೀಲಿ

ನಾನು ಮೊದಲ ಬಾರಿ ಶಬ್ದಗ್ರಹಣ ಮಾಡಿದ್ದು ಗೆಳೆಯರ ಕಿರುಚಿತ್ರವೊಂದಕ್ಕೆ. ಅಂದು ಇಡೀ ದಿನ ತಲೆಕೆಳಗಾಗಿ ರೆಕಾರ್ಡ್ ಮಾಡಿದ್ದೆ. ಎರವಲು ತಂದ ಆ ರೆಕಾರ್ಡರಿನ ಕೆಂಪು ಗುಂಡಿಯನ್ನು ಒಮ್ಮೆ ಒತ್ತಿದರೆ ಯಂತ್ರ ಬರೀ ಸಿದ್ಧವಾಗುತ್ತದೆ, ದೀಪ ಮಿನುಗುತ್ತದೆ. ಇನ್ನೊಮ್ಮೆ ಒತ್ತಿದಾಗಲೇ ದೀಪ ಸ್ಥಿರವಾಗಿ ಉರಿದು ಧ್ವನಿ ದಾಖಲಾಗುವುದು. ಮತ್ತೊಮ್ಮೆ ಒತ್ತಿದರೆ ತಡೆದು ನಿಲ್ಲುತ್ತದೆ. ಇದು ನನಗೆ ಗೊತ್ತಿರಲಿಲ್ಲ. ‘ಆಕ್ಷನ್’ ಎಂದಾಗ ಒಂದು ಸಲ, ‘ಕಟ್’ ಎಂದಾಗ ಒಂದು ಸಲ ಶ್ರದ್ಧೆಯಿಂದ ಒತ್ತುತ್ತಾ ಹೋದೆ. ದೃಶ್ಯ ನಡೆಯುವಾಗ ಯಂತ್ರ ಸುಮ್ಮನಿತ್ತು, ಮುಗಿದ ಮೇಲೆ ಓಡುತ್ತಿತ್ತು.

ಸಂಜೆ ಕೂತು ಕೇಳಿದರೆ, ಚಹಾಕ್ಕೆ ಸಕ್ಕರೆ ಸಾಲದೆಂದು ನಾಯಕ ದೂರುತ್ತಿದ್ದ. ನಿರ್ದೇಶಕ ಯಾರಿಗೋ ಫೋನ್ ಮಾಡಿ ಎರಡು ಸಾವಿರ ಸಾಲ ಕೇಳುತ್ತಿದ್ದ. ಮನೆಯ ಅಜ್ಜಿ ‘ಊಟಕ್ಕೆ ಏಳಿ, ಅನ್ನ ಆರುತ್ತಿದೆ’ ಎಂದು ನಾಲ್ಕು ಸಲ ಕರೆದಿದ್ದರು. ಸಂಭಾಷಣೆಯ ಒಂದು ಸಾಲೂ ಇರಲಿಲ್ಲ. ಹಾಗೆಂದು ಹೆಡ್‌ಫೋನ್ ಇರಲಿಲ್ಲವೆಂದಲ್ಲ. ಅದು ದಿನವಿಡೀ ನನ್ನ ಕೊರಳಲ್ಲಿತ್ತು. ಫೋಟೊಗಳಲ್ಲಿ ಚೆನ್ನಾಗಿ ಕಂಡಿದೆ.

ಈಗ ಶಬ್ದಗ್ರಹಣವೇ ನನ್ನ ಕಸುಬು. ತಿಂಗಳಿಗೊಂದು ಗುಂಪಾದರೂ ಹಾರ್ಡ್ ಡಿಸ್ಕ್ ಹಿಡಿದು ಬಾಗಿಲಿಗೆ ಬರುತ್ತದೆ. ‘ಸರ್, ಚಿತ್ರ ಮುಗಿದಿದೆ. ಆಡಿಯೊ ಸ್ವಲ್ಪ ಕ್ಲೀನ್ ಮಾಡಿಕೊಡಿ.’ ಆ ‘ಸ್ವಲ್ಪ’ ಎನ್ನುವ ಪದ ಕೇಳಿದರೆ ನನಗೆ ಎದೆ ಝಲ್ಲೆನ್ನುತ್ತದೆ.

ಇತ್ತೀಚೆಗೆ ಬಂದವರು ಐವರು ಗೆಳೆಯರು. ತಲೆಗೆ ಐದು ಸಾವಿರ ಹಾಕಿ 25,000 ರೂಪಾಯಿ ಕೂಡಿಸಿದ್ದರು. ಎರಡು ದಿನದ ಕ್ಯಾಮೆರಾ, ಲೆನ್ಸ್, ದೀಪಗಳ ಬಾಡಿಗೆಗೆ 16,000. ಊಟ, ತಿಂಡಿ, ಪೆಟ್ರೋಲಿಗೆ 7,000. ಉಳಿದ 2,000 ಪೋಸ್ಟರಿಗೆ. ಶಬ್ದಕ್ಕೆ ಸೊನ್ನೆ, ಕ್ಯಾಮೆರಾದ ಮೇಲೆಯೇ ಪುಟ್ಟ ಮೈಕ್ ಇತ್ತಲ್ಲ! ಚಿತ್ರ ಕಣ್ಣಿಗೆ ಹಬ್ಬದಂತಿತ್ತು: ಕಿಟಕಿಯಿಂದ ಇಳಿಬಿಸಿಲು, ಹಿಂದೆ ಮಸುಕಾದ ದೇವರ ದೀಪ. ಮಾತು ಮಾತ್ರ ಬಾವಿಯೊಳಗಿನಿಂದ ಬರುತ್ತಿತ್ತು.

ಅದರಲ್ಲಿ ಒಂದು ದೃಶ್ಯ. ಹೊಸದಾಗಿ ಕಟ್ಟಿದ ಮನೆ, ನುಣ್ಣನೆಯ ಟೈಲ್ಸಿನ ನೆಲ, ಖಾಲಿ ಗೋಡೆ, ತಲೆಯ ಮೇಲೆ ಫ್ಯಾನ್. ಮಗ ತಾಯಿಯ ಮುಂದೆ ತಲೆ ತಗ್ಗಿಸಿ ಕೂತು ಹೇಳುವ ಮಾತು: ‘ತೋಟ ಮಾರಿದ್ದು ನಾನಲ್ಲ.’ ಹುಡುಗ ಒಳ್ಳೆಯ ನಟ. ದನಿ ಇಳಿಸಿ, ಉಸಿರಿನಲ್ಲಿ ಹೇಳಿದ್ದಾನೆ. ಕ್ಯಾಮೆರಾ ಹತ್ತು ಅಡಿ ಆಚೆ. ನನಗೆ ಕೇಳಿಸಿದ್ದು ‘ತೋಟ ಮಾರಿದ್ದು ನಾನ್’, ಆಮೇಲೆ ಫ್ಯಾನಿನ ಸದ್ದು. ತಾಯಿ ಅಳುತ್ತಾಳೆ. ಕಥೆ ಗೊತ್ತಿಲ್ಲದವರು ಮಗ ತಪ್ಪೊಪ್ಪಿಕೊಂಡ ಎಂದುಕೊಳ್ಳುತ್ತಾರೆ. ಅಲ್ಲಿಂದಾಚೆಗೆ ಇಡೀ ಚಿತ್ರ ಬೇರೆ ದಾರಿ ಹಿಡಿಯುತ್ತದೆ.

ಇದು ಆ ಹುಡುಗನೊಬ್ಬನ ಪಾಡಲ್ಲ. ಕನ್ನಡದಲ್ಲಿ ವಾಕ್ಯದ ಭಾರವೆಲ್ಲ ಬಾಲದಲ್ಲಿದೆ. ಮಾಡಿದನೋ ಮಾಡಲಿಲ್ಲವೋ, ಬೇಕೋ ಬೇಡವೋ, ಬಂದವನು ಅವನೋ ಅವಳೋ, ಎಲ್ಲವೂ ಗೊತ್ತಾಗುವುದು ಕೊನೆಯ ಎರಡು ಅಕ್ಷರಗಳಲ್ಲಿ. ಮಾತನಾಡುವವರ ಉಸಿರು ಇಳಿಯುವುದೂ ಅಲ್ಲಿಯೇ. ಕಡಿಮೆ ಖರ್ಚಿನ ಶಬ್ದಗ್ರಹಣದಲ್ಲಿ ಮೊದಲು ಮುಳುಗುವುದು ಆ ಇಲ್ಲ, ಅಲ್ಲ, ಬೇಡಗಳೇ. ಗದ್ದಲ ತೆಗೆಯುವ ತಂತ್ರಾಂಶಗಳು ಈಗ ಬೇಕಾದಷ್ಟಿವೆ, ಕೆಲವು ಪುಕ್ಕಟೆ ಕೂಡ. ಈ ಗೆಳೆಯರೂ ಬಳಸಿದ್ದರು. ಅದು ಫ್ಯಾನನ್ನು ಅಳಿಸುವಾಗ, ಫ್ಯಾನಿನಷ್ಟೇ ಮೆಲ್ಲಗಿದ್ದ ‘ಲ್ಲ’ವನ್ನೂ ಅಳಿಸಿಹಾಕಿತ್ತು.

ಮದ್ದು ಸರಳ: ಮೈಕ್ ಬಾಯಿಯಿಂದ ಒಂದು ಮೊಳದ ಒಳಗಿರಬೇಕು. ದೂರ ಇಮ್ಮಡಿಯಾದಾಗಲೆಲ್ಲ ಬಾಯಿಂದ ನೇರವಾಗಿ ಬರುವ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಒಂದೂಕಾಲು ಅಡಿ ಇದ್ದದ್ದು ಹತ್ತು ಅಡಿಯಾದರೆ ಮೂರು ಸಲ ಇಮ್ಮಡಿ, ಅಂದರೆ 18 ಡೆಸಿಬಲ್ ಹೋಯಿತು. ಗೋಡೆಗೆ ಬಡಿದು ಬರುವ ಮಾರ್ದನಿ, ಫ್ಯಾನು, ಬೀದಿಯ ಆಟೊ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತವೆ. ಸಾವಿರಗಟ್ಟಲೆ ಬೆಲೆಯ ಮೈಕನ್ನು ದೂರ ಇಡುವುದಕ್ಕಿಂತ ಅಗ್ಗದ್ದನ್ನು ಹತ್ತಿರ ಇಡುವುದು ಲೇಸು.

ಹತ್ತಿರ ಇಡುವುದು ಹೇಗೆ? ತುದಿಗೆ ಮೈಕ್ ಸಿಕ್ಕಿಸಿ ನಟರ ಹತ್ತಿರ ಚಾಚಿ ಹಿಡಿಯುವ ಬೂಮ್ ಕೋಲು ಬಾಡಿಗೆಗೆ ಸಿಗುತ್ತದೆ. ಸಿಗದಿದ್ದರೆ ಜೇಡರ ಬಲೆ ತೆಗೆಯುವ ಉದ್ದ ಕೋಲು ಮನೆಯಲ್ಲೇ ಇರುತ್ತದೆ. ಮೈಕನ್ನು ನೇರ ಕೋಲಿಗೆ ಬಿಗಿಯಬೇಡಿ. ಸೈಕಲ್ ಟ್ಯೂಬಿನ ತುಂಡುಗಳಲ್ಲಿ ತೊಟ್ಟಿಲು ಕಟ್ಟಿದ ಹಾಗೆ ತೂಗುಹಾಕಿ. ಇಲ್ಲವಾದರೆ ಕೈ ಸರಿದಾಡಿದ ಸದ್ದೆಲ್ಲ ಒಳಗೆ ಬರುತ್ತದೆ. ಹಿಡಿಯುವವರು ಉಂಗುರ, ಕೈಗಡಿಯಾರ ತೆಗೆದಿಡಬೇಕು. ಬಟ್ಟೆಗೆ ಸಿಕ್ಕಿಸುವ ಪುಟ್ಟ ಕಾಲರ್ ಮೈಕ್ ಬಳಸುವುದಾದರೆ ಬಟ್ಟೆ ನೋಡಿ ಬಳಸಿ. ಹತ್ತಿಯ ಸೀರೆ ಸುಮ್ಮನಿರುತ್ತದೆ, ಸಿಂಥೆಟಿಕ್ ಸೀರೆ ಪ್ರತಿ ಉಸಿರಿಗೂ ಸರಭರ ಎನ್ನುತ್ತದೆ. ಮಾಂಗಲ್ಯ ಸರ ಮೈಕಿಗೆ ತಾಗುತ್ತಿದ್ದರೆ ಎರಡಕ್ಕೂ ನಡುವೆ ಔಷಧಿ ಅಂಗಡಿಯ ಬಟ್ಟೆಯ ಪಟ್ಟಿ ಅಂಟಿಸುತ್ತೇನೆ.

ಗೆಳೆಯರ ಗುಂಪಿನಲ್ಲಿ ಬೂಮ್ ಹಿಡಿಯುವ ಕೆಲಸ ಯಾರಿಗೆ ಹೋಗುತ್ತದೆ? ಬೇರೆ ಕೆಲಸವಿಲ್ಲದೆ ನಿಂತವನಿಗೆ. ನನ್ನ ಜಗಳವಿರುವುದು ಇಲ್ಲಿಯೇ. ಆ ಕೆಲಸಕ್ಕೆ ಸಂಭಾಷಣೆ ಬಾಯಿಪಾಠವಾಗಿರುವವರು ಬೇಕು. ಯಾರು ಯಾವಾಗ ಮಾತನಾಡುತ್ತಾರೆಂದು ಮೊದಲೇ ಗೊತ್ತಿದ್ದರೆ ಮಾತ್ರ ಮೈಕ್ ಬಾಯಿಗಿಂತ ಮೊದಲು ಅಲ್ಲಿಗೆ ತಿರುಗುತ್ತದೆ. ಕಥೆ ಬರೆದವನಿಗೆ ಚಿತ್ರೀಕರಣದ ದಿನ ಸಾಮಾನ್ಯವಾಗಿ ಕೆಲಸವಿರುವುದಿಲ್ಲ, ನಿರ್ದೇಶಕನ ಕಿವಿ ಕಚ್ಚುತ್ತಾ ನಿಂತಿರುತ್ತಾನೆ. ಕೋಲು ಅವನ ಕೈಗೆ ಕೊಡಿ.

ಹೆಡ್‌ಫೋನ್ ಹಾಕಿಕೊಂಡವರಿಗೆ ‘ಇನ್ನೊಂದು ಟೇಕ್ ಬೇಕು’ ಎನ್ನುವ ಅಧಿಕಾರವೂ ಬೇಕು. ಸಂಬಳ ಕೊಡುವ ಸೆಟ್ಟಿನಲ್ಲಿ ಇದು ಸಲೀಸು. ಗೆಳೆಯರ ನಡುವೆ ಕಷ್ಟ: ಬಿಡುವು ಮಾಡಿಕೊಂಡು ಬಂದವನಿಗೆ ‘ಮಾರಾಯ, ಸ್ವಲ್ಪ ಬಾಯಿ ಮುಚ್ಚಿಕೊಂಡಿರು’ ಎಂದು ಹೇಳುವವರು ಯಾರು? ಯಾರೂ ಹೇಳುವುದಿಲ್ಲ. ಹಾಗಾಗಿ ನಾಯಕಿ ಅಳುವಾಗ ಪಕ್ಕದ ಕೋಣೆಯಲ್ಲಿ ಚಿಪ್ಸ್ ಪೊಟ್ಟಣ ಬಿಚ್ಚಿದ ಸದ್ದು ಶಾಶ್ವತವಾಗಿ ಉಳಿದುಹೋಗುತ್ತದೆ.

ಫ್ರಿಜ್ಜಿನ ವಿಷಯಕ್ಕೆ ಬರುತ್ತೇನೆ. ದೃಶ್ಯ ಯಾವ ಕೋಣೆಯಲ್ಲಿದ್ದರೂ ಮೊದಲು ಫ್ರಿಜ್ ಆರಿಸಬೇಕು. ಅದರ ಗುಂಯ್‌ಗುಡುವಿಕೆ ಕಿವಿಗೆ ಅಭ್ಯಾಸವಾಗಿರುತ್ತದೆ, ಮೈಕಿಗೆ ಆಗಿರುವುದಿಲ್ಲ. ಟೇಕಿನ ನಡುವೆ ತಾನಾಗಿ ಶುರುವಾಗಿ ನಿಲ್ಲುವುದಂತೂ ಇನ್ನೂ ಕಷ್ಟ, ಎರಡು ಶಾಟುಗಳನ್ನು ಜೋಡಿಸಲಾಗದು. ಆರಿಸಿದ್ದನ್ನು ಮರೆಯದಿರಲು ಬೈಕಿನ ಕೀಲಿಯನ್ನು ಫ್ರಿಜ್ಜಿನೊಳಗೇ ಇಡುವುದು ನಮ್ಮ ಕಸುಬಿನವರ ಹಳೆಯ ಉಪಾಯ. ಮನೆಗೆ ಹೊರಟಾಗ ಕೀಲಿ ಹುಡುಕಲೇಬೇಕು. ಒಮ್ಮೆ ಕಾರಿನಲ್ಲಿ ಬಂದಿದ್ದವನೊಬ್ಬ ಕೀಲಿ ಇಡದೆ ಆರಿಸಿ ಹೋಗಿದ್ದ. ಮರುದಿನ ಬೆಳಿಗ್ಗೆ ದೋಸೆ ಹಿಟ್ಟು ಉಕ್ಕಿ ಫ್ರಿಜ್ಜಿನ ಖಾನೆಯಿಂದ ಖಾನೆಗೆ ಇಳಿದಿತ್ತು. ಆ ಮನೆಯಲ್ಲಿ ನಮಗೆ ಮತ್ತೆ ಅವಕಾಶ ಸಿಗಲಿಲ್ಲ.

ಮಾರ್ದನಿಗೆ ನಮ್ಮಲ್ಲಿ ಕೌದಿಯಷ್ಟು ಒಳ್ಳೆಯ ಮದ್ದಿಲ್ಲ. ಉತ್ತರ ಕರ್ನಾಟಕದ ಗೆಳೆಯರಿದ್ದರೆ ಮನೆಯಿಂದ ನಾಲ್ಕು ತರಲು ಹೇಳಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಆ ಭಾರದ ಹೊದಿಕೆಯನ್ನು ಕ್ಯಾಮೆರಾದ ಕಣ್ಣಿಗೆ ಬೀಳದ ಗೋಡೆಗೆ ಇಳಿಬಿಟ್ಟು, ಒಂದನ್ನು ನೆಲಕ್ಕೆ ಹಾಸಿದರೆ ಖಾಲಿ ಫ್ಲಾಟ್ ಕೂಡ ಮನೆಯಂತೆ ಕೇಳಿಸುತ್ತದೆ. ಇನ್ನೂ ಒಳ್ಳೆಯದೆಂದರೆ ಮೊದಲೇ ಸಾಮಾನು ತುಂಬಿದ ಹಳೆಯ ಮನೆಯನ್ನು ಆರಿಸಿಕೊಳ್ಳುವುದು. ಲೊಕೇಶನ್ ನೋಡಲು ಹೋದಾಗ ಎಲ್ಲರೂ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ನಾನು ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ, ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುತ್ತೇನೆ. ಎಷ್ಟು ಹೊತ್ತಿಗೆ ಕೊಳವೆಬಾವಿಯ ಮೋಟರು, ಎಲ್ಲಿ ಮಗ್ಗುಲ ಮನೆಯ ಮಿಕ್ಸಿ, ಎಲ್ಲ ಗೊತ್ತಾಗುತ್ತದೆ.

ಹಳ್ಳಿಯಲ್ಲಿ ಈ ಕಾಟವಿಲ್ಲವೆಂದು ನಂಬಿ ಹೋದವರು ಹಾಡು ಹಾಕಿಕೊಂಡು ಓಡುವ ಟ್ರ್ಯಾಕ್ಟರಿಗೆ ಸಿಕ್ಕಿಬಿದ್ದಿದ್ದಾರೆ. ಸಂಭಾಷಣೆಯ ಕೆಳಗೆ ಸಿನಿಮಾ ಹಾಡು ಸೇರಿಕೊಂಡರೆ ಅದನ್ನು ಬೇರ್ಪಡಿಸುವುದು ತ್ರಾಸದ ಕೆಲಸ. ಬೇರ್ಪಡದಿದ್ದರೆ ಯೂಟ್ಯೂಬಿಗೆ ಏರಿಸಿದ ಮೇಲೆ ಹಾಡಿನ ಹಕ್ಕುದಾರರ ನೋಟಿಸ್ ಬರಬಹುದು.

ಕೋಗಿಲೆ ಇನ್ನೊಂದು ಪೀಕಲಾಟ. ಮಾರ್ಚ್ ಕಳೆದರೆ ಬೆಂಗಳೂರಿನಲ್ಲಿ ನಸುಕಿನಿಂದಲೇ ಶುರು. ಕೂಗು ಇಂಪಾಗಿಯೇ ಇರುತ್ತದೆ, ತೊಂದರೆ ಬರುವುದು ಸಂಕಲನದಲ್ಲಿ. ಅಣ್ಣನ ಮುಖ ತೋರಿಸುವಾಗ ಕೂ ಎಂದು ಏರುತ್ತಿದ್ದ ದನಿ ತಂಗಿಯ ಮುಖಕ್ಕೆ ಕತ್ತರಿಸಿದ ಕೂಡಲೇ ಕಡಿದುಹೋಗುತ್ತದೆ, ನೋಡುವವರಿಗೆ ಕತ್ತರಿ ಆಡಿದ್ದು ತಿಳಿದುಬಿಡುತ್ತದೆ. ಬಿಡುವಿನಲ್ಲಿ ಕೋಗಿಲೆಯನ್ನೇ ಐದು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತೇನೆ. ಮಾತು ಕೋಗಿಲೆಯಿಲ್ಲದಾಗ ತೆಗೆದು, ಆ ಕೂಗನ್ನು ಇಡೀ ದೃಶ್ಯದ ಕೆಳಗೆ ಹಾಸಿದರಾಯಿತು.

ದುಡ್ಡೇ ಇಲ್ಲವೆಂದರೆ ಎರಡು ಮೊಬೈಲ್ ಸಾಕು. ಒಂದರಲ್ಲಿ ಚಿತ್ರ, ಇನ್ನೊಂದಕ್ಕೆ ತಂತಿಯ ಕಾಲರ್ ಮೈಕ್ ಚುಚ್ಚಿ, ಏರೋಪ್ಲೇನ್ ಮೋಡಿಗೆ ಹಾಕಿ, ನಟನ ಜೇಬಿನಲ್ಲಿಟ್ಟು, ಸೆಕೆಂಡಿಗೆ 48,000 ಸಲ ಧ್ವನಿಯನ್ನು ಅಳೆಯುವ 48 ಕಿಲೋಹರ್ಟ್ಸ್‌ನಲ್ಲಿ ಧ್ವನಿ. ಪ್ರತಿ ಟೇಕಿಗೂ ಕ್ಯಾಮೆರಾದ ಮುಂದೆ ಜೋರಾಗಿ ಒಂದು ಚಪ್ಪಾಳೆ. ಕೈ ಕೂಡುವ ಫ್ರೇಮ್ ಮತ್ತು ಆ ‘ಠಪ್’ ಎರಡನ್ನೂ ಹೊಂದಿಸಿದರೆ ತುಟಿಗೆ ಮಾತು ಕೂಡುತ್ತದೆ. ಮೊಬೈಲುಗಳು ಬೆಳಕು ನೋಡಿಕೊಂಡು ಫ್ರೇಮಿನ ವೇಗವನ್ನು ಏರಿಳಿಸುತ್ತವೆ; ಅದನ್ನು ಸೆಕೆಂಡಿಗೆ 25 ಫ್ರೇಮಿಗೆ ಕಟ್ಟಿಹಾಕುವ ಕ್ಯಾಮೆರಾ ಆ್ಯಪ್ ಬಳಸಿ, ಇಲ್ಲವಾದರೆ ಮೂರನೆಯ ನಿಮಿಷಕ್ಕೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಕ್ಯಾಮೆರಾದವರಿಗೂ ಒಂದು ಮಾತು: ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಷಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡದಿದ್ದರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಟುಕುವ ಸಾಧ್ಯತೆಯಿದೆ.

‘ಡಬ್ಬಿಂಗಿನಲ್ಲಿ ಸರಿಮಾಡೋಣ’ ಎನ್ನುವವರಿದ್ದಾರೆ. ನಮ್ಮ ಚಿತ್ರರಂಗ ದಶಕಗಳ ಕಾಲ ಡಬ್ಬಿಂಗನ್ನೇ ನಂಬಿ ಬದುಕಿದೆ, ನಿಜ. ಆದರೆ ಅಲ್ಲಿ ಅದಕ್ಕೆಂದೇ ಪಳಗಿದ ಕಂಠಗಳಿದ್ದವು. ನಿಮ್ಮ ಗೆಳೆಯ ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಆ ದಿನ ಆ ಅಡುಗೆಮನೆಯಲ್ಲಿ ಹೇಗೋ ಸಿಟ್ಟು ಬಂದು ಆಡಿದ ಮಾತನ್ನು ಮೂರು ತಿಂಗಳ ಮೇಲೆ ಗಾಜಿನ ಕೋಣೆಯಲ್ಲಿ ಆಡು ಎಂದರೆ ಪಾಠ ಒಪ್ಪಿಸುತ್ತಾನೆ. ಜೊತೆಗೆ ಲೋಟ ಇಟ್ಟ ಸದ್ದು, ಹೆಜ್ಜೆ, ಬಳೆ ಎಲ್ಲವನ್ನೂ ಹೊಸದಾಗಿ ಹುಟ್ಟಿಸಬೇಕಾಗುತ್ತದೆ.

ಕಿರುಚಿತ್ರ ಎಷ್ಟು ಉದ್ದವಿರಬೇಕೆಂದು ಕೇಳಿದರೆ ನನ್ನ ಉತ್ತರ ಒಂದೇ. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆದ ಕನ್ನಡ ಕಿರುಚಿತ್ರ ಸುಮಾರು 16 ನಿಮಿಷದ್ದು. ನನ್ನ ಬಳಿ ಬರುವವು 28, 34.

ಕೊನೆಗೆ ರೂಮ್ ಟೋನ್. ಪ್ರತಿ ಜಾಗದಲ್ಲೂ ಎಲ್ಲರೂ ಇದ್ದಲ್ಲೇ ನಿಂತು, ಒಂದು ನಿಮಿಷ ಮಾತಿಲ್ಲದೆ, ಆ ಕೋಣೆಯ ಮೌನವನ್ನು ರೆಕಾರ್ಡ್ ಮಾಡಬೇಕು. ಸಂಭಾಷಣೆಗಳ ನಡುವೆ ಕತ್ತರಿಸಿದ ಜಾಗಕ್ಕೆ ತೇಪೆ ಹಾಕಲು ಅದೇ ಬಟ್ಟೆ ಬೇಕು. ಗೆಳೆಯರಿಗೆ ಒಂದು ನಿಮಿಷದ ಮೌನ ಬಲು ದೀರ್ಘ. ಹದಿನೈದನೆಯ ಸೆಕೆಂಡಿಗೆ ಯಾರಿಗೋ ನಗು ಬರುತ್ತದೆ, ಮತ್ತೆ ಮೊದಲಿನಿಂದ. ನಾನು ತಲೆಕೆಳಗಾಗಿ ಮಾಡಿದ ಆ ಮೊದಲ ರೆಕಾರ್ಡಿಂಗಿನಲ್ಲಿ ಇದೊಂದು ಮಾತ್ರ ಧಾರಾಳವಾಗಿ ಸಿಕ್ಕಿತ್ತು. ಎಲ್ಲರೂ ಊಟಕ್ಕೆ ಎದ್ದುಹೋದ ಮೇಲೂ ಯಂತ್ರ ಓಡುತ್ತಲೇ ಇತ್ತಲ್ಲ.

ಸಂಭಾಷಣೆಯನ್ನು ಹೇಗೋ ಡಬ್ ಮಾಡಿ, ಕೆಳಗೆ ಆ ಖಾಲಿ ಮನೆಯನ್ನು ಹಾಸಿದೆವು. ಅಜ್ಜಿಯ ಕರೆಯನ್ನೂ ನಿರ್ದೇಶಕ ಬಿಡಲಿಲ್ಲ. ಜಗಳವಾಡಿ ಮುಖ ಊದಿಸಿ ಕೂತ ನಾಯಕನ ಶಾಟಿನ ಮೇಲೆ, ಒಳಗಿನಿಂದ ‘ಊಟಕ್ಕೆ ಏಳಿ, ಅನ್ನ ಆರುತ್ತಿದೆ’ ಎಂದು ನಾಲ್ಕೂ ಸಲ ಇಟ್ಟ. ಚಿತ್ರ ಮುಗಿದ ಮೇಲೆ ಅದೇ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಅಜ್ಜಿಗೆ ತೋರಿಸಿದೆವು. ಆ ಜಾಗ ಬಂದಾಗ ಅಜ್ಜಿ ಕನ್ನಡಕ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. ‘ಅದು ಯಾರಪ್ಪಾ, ಪಾಪ, ಅಷ್ಟು ಹೊತ್ತಿನಿಂದ ಕರೆಯುತ್ತಿದ್ದಾಳೆ. ಇವನು ಏಳಬಾರದೇ?’