ಬಾಯಿ ಬಿಡದ ಫೈಲು, ಸುಳ್ಳು ಹೇಳುವ ಫೈಲು: ಹಳೆ ಪವರ್‌ಪಾಯಿಂಟ್‌ಗೆ ಸ್ಲೈಡ್ ಒಯ್ಯುವವರಿಗೆ ಟಿಪ್ಪಣಿ

ಇಂಟರ್ನ್‌ಶಿಪ್‌ಗೆ ಹಳ್ಳಿ ಶಾಲೆಗಳಿಗೆ ಹೊರಟಿರುವ ನಮ್ಮ ಬಿ.ಇಡಿ. ಬ್ಯಾಚಿನವರಿಗಾಗಿ ಇದನ್ನು ಬರೆದಿಟ್ಟಿದ್ದೇನೆ. ಪಠ್ಯದಲ್ಲಿ ಐಸಿಟಿ (ಮಾಹಿತಿ, ಸಂವಹನ ತಂತ್ರಜ್ಞಾನ) ಪತ್ರಿಕೆ ಇದೆ, ಸ್ಲೈಡ್ ಮಾಡುವುದನ್ನು ಹೇಳಿಕೊಡುತ್ತಾರೆ. ಮಾಡಿದ್ದನ್ನು ಇನ್ನೊಬ್ಬರ ಹಳೆ ಕಂಪ್ಯೂಟರಿನಲ್ಲಿ ತೆರೆಯುವಾಗ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನನಗಾದದ್ದು ಇಷ್ಟು. ರಾಯಚೂರು ಜಿಲ್ಲೆಯ ಒಂದು ಪ್ರೌಢಶಾಲೆ, ಎಂಟನೇ ತರಗತಿ, ಪಾಠ ಮಸ್ಕಿ ಶಾಸನ. ನನ್ನ ಲ್ಯಾಪ್‌ಟಾಪ್‌ನಲ್ಲಿ 12 ಸ್ಲೈಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬೆಳಗಿನ ಬಸ್ಸಿಗೆ ಹೋದೆ. ಅಲ್ಲಿ ಪ್ರೊಜೆಕ್ಟರ್‌ಗೆ ಜೋಡಿಸಿದ್ದ ಸಿಸ್ಟಮ್ ಒಂದೇ. ವಿಂಡೋಸ್ ಎಕ್ಸ್‌ಪಿ, ಅದರಲ್ಲಿ ಆಫೀಸ್ 2003. ನನ್ನ ಫೈಲಿನ ಹೆಸರಿನ ಕೊನೆಗೆ ಪಿಪಿಟಿಎಕ್ಸ್ ಅಂತ ಇತ್ತು, ಹೊಸ ಪವರ್‌ಪಾಯಿಂಟ್‌ನ ರೂಪ ಅದು; ಹಳೆಯದರ ಫೈಲಿಗೆ ಬರೀ ಪಿಪಿಟಿ. ಫೈಲ್ ಮೇಲೆ ಎರಡು ಸಲ ಒತ್ತಿದೆ. ಇದನ್ನು ಯಾವ ಪ್ರೋಗ್ರಾಮ್‌ನಲ್ಲಿ ತೆರೆಯಲಿ ಅಂತ ಅದು ನನ್ನನ್ನೇ ಕೇಳಿತು. ಪಕ್ಕದಲ್ಲಿದ್ದ ಗೆಳೆಯ, ‘ಹೆಸರಿನ ಕೊನಿಗಿರೋ ಎಕ್ಸ್ ತಗದಬಿಡಪಾ, ಓಪನ್ ಆಗತೈತಿ’ ಅಂದ. ತೆಗೆದೆ. ಆಗಲಿಲ್ಲ. ಸಜ್ಜಿ ಚೀಲದ ಮೇಲೆ ಜ್ವಾಳ ಅಂತ ಬರೆದರೆ ಒಳಗಿನ ಸಜ್ಜಿ ಜ್ವಾಳ ಆಗುತ್ತದೆಯೇ?

ಒಳಗೆ ಇರುವುದೇನು ಅಂತ ಒಮ್ಮೆ ನೋಡಿಬಿಡಿ, ಎರಡು ನಿಮಿಷದ ಕೆಲಸ. ಯಾವುದಾದರೂ ಪಿಪಿಟಿಎಕ್ಸ್ ಫೈಲಿನ ನಕಲು ತೆಗೆದು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಕಸದಂಥ ಅಕ್ಷರಗಳ ಸಾಲು ಬರುತ್ತದೆ. ಅದರಲ್ಲಿ ಮೊದಲ ಎರಡು ಅಕ್ಷರ ‘ಪಿಕೆ’. ಹಲವು ಫೈಲುಗಳನ್ನು ಒಂದರಲ್ಲೇ ಕಟ್ಟಿಡುವ ಜಿಪ್ ವಿಧಾನ ಕಂಡುಹಿಡಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ಅಂದರೆ ಪಿಪಿಟಿಎಕ್ಸ್ ಒಂದು ಜಿಪ್ ಚೀಲ. ನಕಲಿನ ಬಾಲಕ್ಕೆ ಜಿಪ್ ಅಂತ ಹೆಸರಿಟ್ಟು ಬಿಚ್ಚಿದರೆ ಒಳಗೆ ಫೋಲ್ಡರುಗಳು: ಒಂದೊಂದು ಸ್ಲೈಡಿಗೂ ಒಂದೊಂದು ಎಕ್ಸ್‌ಎಂಎಲ್ ಫೈಲು, ‘ಮೀಡಿಯಾ’ ಎಂಬುದರಲ್ಲಿ ನೀವು ಹಾಕಿದ ಚಿತ್ರಗಳು. ಹಳೆಯ ಪಿಪಿಟಿ ಹಾಗಲ್ಲ, ಇಡೀ ಫೈಲು ಒಂದೇ ಗಟ್ಟಿ. ಕಂಪ್ಯೂಟರಿನ ಹದಿನಾರರ ಎಣಿಕೆಯಲ್ಲಿ (ಹೆಕ್ಸ್) ಬರೆದರೆ ಅದರ ಮೊದಲ ನಾಲ್ಕು ಬೈಟ್‌ಗಳು ‘ಡಿ0 ಸಿಎಫ್ 11 ಇ0’. ಸೊನ್ನೆಯನ್ನು ‘ಓ’ ಅಂತಲೂ ಒಂದನ್ನು ‘ಐ’, ‘ಎಲ್’ ಅಂತಲೂ ಓದಿ ನೋಡಿ, ‘ಡಾಕ್‌ಫೈಲ್’ ಅಂತ ಬರುತ್ತದೆ. ಬರೆದ ಎಂಜಿನಿಯರುಗಳು ಮಾಡಿಟ್ಟ ತಮಾಷೆ ಅದು. ಪರೀಕ್ಷೆಗೆ ಬರುವುದಿಲ್ಲ, ಆದರೆ ಮರೆಯುವುದೂ ಇಲ್ಲ.

1997ರಿಂದ 2003ರವರೆಗಿನ ಆವೃತ್ತಿಗಳು ಬಳಸಿದ್ದು ಈ ಗಟ್ಟಿ ರೂಪವನ್ನೇ. ಚೀಲದ ರೂಪ ಬಂದದ್ದು ಆಫೀಸ್ 2007ರಲ್ಲಿ. ಹಳೆಯ ಆವೃತ್ತಿಗಳು ಅದನ್ನು ಓದಲಿ ಅಂತ ಮೈಕ್ರೋಸಾಫ್ಟ್ ಒಂದು ಹೊಂದಾಣಿಕೆ ಪ್ಯಾಕ್ ಕೊಟ್ಟಿತ್ತು, ಬರೀ ನೋಡುವುದಕ್ಕೆ ವ್ಯೂವರ್ ಕೂಡ ಇತ್ತು. ಎರಡನ್ನೂ 2018ರಲ್ಲಿ ನಿಲ್ಲಿಸಿದರು. ಈಗ ಹುಡುಕಿದರೆ ಯಾವ್ಯಾವುದೋ ಜಾಲತಾಣದಲ್ಲಿ ಸಿಗುತ್ತವೆ. ಶಾಲೆಯ ಸಿಸ್ಟಮ್‌ಗೆ ಅಂಥದ್ದನ್ನು ಹಾಕಲೇಬೇಡಿ, ವೈರಸ್ ಬಂದರೆ ಹೆಸರು ನಿಮ್ಮದೇ. ಅದರ ಬದಲು ಲಿಬ್ರೆಆಫೀಸ್ ಹಾಕಬಹುದು. ಎಕ್ಸ್‌ಪಿಯಲ್ಲಿ ನಡೆಯುವುದು ಅದರ 5.4ನೇ ಆವೃತ್ತಿಯ ಸಾಲಿನವರೆಗೆ ಮಾತ್ರ. ಪಿಪಿಟಿಎಕ್ಸ್ ತೆರೆಯುತ್ತದೆ, ದುಡ್ಡಿಲ್ಲ. ಹಾಕುವ ಮೊದಲು ಹೆಡ್‌ಮಾಸ್ಟರನ್ನು ಕೇಳಿ.

ಇದಿಷ್ಟೂ ಬಾಯಿ ಬಿಡದ ಫೈಲಿನ ಕಥೆ. ನನ್ನ ಲೆಕ್ಕದಲ್ಲಿ ಇದು ಸಣ್ಣ ರೋಗ. ತೆರೆಯಲಿಲ್ಲ ಅಂದರೆ ತೆರೆಯಲಿಲ್ಲ ಅಂತ ಗೊತ್ತಾಗುತ್ತದೆ, ಕರಿಹಲಗೆಯ ಕಡೆ ತಿರುಗುತ್ತೀರಿ. ನಾನೂ ಅವತ್ತು ಸೀಮೆಸುಣ್ಣ ಹಿಡಿದೇ ಪಾಠ ಮುಗಿಸಿದೆ.

ದೊಡ್ಡ ರೋಗ ಕಂಡದ್ದು ಮರುದಿನ. ರಾತ್ರಿ ಕೂತು ‘ಸೇವ್ ಆ್ಯಸ್’ಗೆ ಹೋಗಿ ‘ಪವರ್‌ಪಾಯಿಂಟ್ 97-2003’ ಆರಿಸಿ ಪಿಪಿಟಿ ಮಾಡಿಕೊಂಡಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಕಂಡಿತು. ಶಾಲೆಯಲ್ಲಿ ತೆರೆಯಿತು ಕೂಡ. ನಾನು ಖುಷಿಯಿಂದ ಮಕ್ಕಳ ಕಡೆ ತಿರುಗಿದೆ, ಮಕ್ಕಳು ಗೋಡೆ ನೋಡಿ ನಗುತ್ತಿದ್ದರು. ಶೀರ್ಷಿಕೆ ಇರಬೇಕಾದಲ್ಲಿ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುವೆ ಪೌಂಡಿನ ಗುರುತು. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಕೇಳಿದ: ‘ಸರ್, ಇದ ಏನ್ರೀ ಬ್ರಾಹ್ಮಿ ಲಿಪಿ?’

ನಿಜವಾದ ಬ್ರಾಹ್ಮಿ ಅದರ ಕೆಳಗೇ ಇತ್ತು, ಒಂದು ಅಕ್ಷರವೂ ಕೆಡದೆ. ಯಾಕೆಂದರೆ ಅದನ್ನು ನಾನು ಚಿತ್ರವಾಗಿ ಅಂಟಿಸಿದ್ದೆ. ಎರಡು ಸಾವಿರ ವರ್ಷ ದಾಟಿದ ಲಿಪಿ ಉಳಿದಿತ್ತು, ನಿನ್ನೆ ರಾತ್ರಿಯ ಕನ್ನಡ ಹಾಳಾಗಿತ್ತು.

ಕಾರಣ ಇಲ್ಲಿದೆ, ಇದನ್ನು ನಿಧಾನವಾಗಿ ಓದಿ. ಶೀರ್ಷಿಕೆಯನ್ನು ಸೀನಿಯರ್ ಒಬ್ಬರ ಟಿಪ್ಪಣಿಯಿಂದ ಎತ್ತಿದ್ದೆ. ಅವರು ಟೈಪ್ ಮಾಡಿದ್ದು ಹಳೆ ನುಡಿ ಫಾಂಟ್‌ನಲ್ಲಿ. ಅಂಥ ಫಾಂಟ್‌ಗಳಲ್ಲಿ ಕಂಪ್ಯೂಟರ್ ಕನ್ನಡವನ್ನು ಉಳಿಸಿಕೊಳ್ಳುವುದೇ ಇಲ್ಲ. ಫೈಲಿನಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಅದಕ್ಕೆ ಫಾಂಟ್ ಕನ್ನಡದ ವೇಷ ಹಾಕುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಆ ಫಾಂಟ್ ಇತ್ತು, ಶಾಲೆಯಲ್ಲಿ ಇರಲಿಲ್ಲ. ಬಣ್ಣ ಅಳಿಸಿದ ಮೇಲೆ ಬಯಲಾಟದ ರಾವಣ ಪಕ್ಕದ ಮನೆಯ ಕಾಕಾ ಆದಂತೆ, ವೇಷ ಕಳಚಿತು.

ಸ್ಲೈಡಿನ ಉಳಿದ ಕನ್ನಡ ಯುನಿಕೋಡ್‌ನಲ್ಲಿತ್ತು, ಅಂದರೆ ಕನ್ನಡದ ಅಕ್ಷರಕ್ಕೆ ಕನ್ನಡದ್ದೇ ಸಂಕೇತ, ಹಾಗಾಗಿ ಅದು ಓದಲು ಬಂತು. ಆದರೆ ಅದರಲ್ಲೂ ಒಂದು ಎಡವಟ್ಟು. ನಾನು ಬಳಸಿದ್ದು ನಿರ್ಮಲಾ ಯುಐ. ಅದು ವಿಂಡೋಸ್ 8ರ ಜೊತೆ ಬಂದ ಫಾಂಟು, ಎಕ್ಸ್‌ಪಿಗೆ ಅದರ ಪರಿಚಯ ಇಲ್ಲ. ಎಕ್ಸ್‌ಪಿ ತನ್ನಲ್ಲಿದ್ದ ತುಂಗಾ ಫಾಂಟ್ ತೊಡಿಸಿತು. ಎರಡರ ಅಕ್ಷರದ ಅಳತೆ ಬೇರೆ. ನಾಲ್ಕು ಸಾಲಿಗೆ ಅಂತ ಮಾಡಿದ ಪೆಟ್ಟಿಗೆಯಿಂದ ಐದನೇ ಸಾಲು ಹೊರಬಿದ್ದು ಚಿತ್ರದ ಮೇಲೆ ಕೂತಿತ್ತು. ಇದೇ ಸುಳ್ಳು ಹೇಳುವ ಫೈಲು: ತೆರೆಯುತ್ತದೆ, ದೋಷ ಅಂತ ಎಲ್ಲೂ ತೋರಿಸುವುದಿಲ್ಲ, ನೀವು ಬರೆಯದೇ ಇದ್ದದ್ದನ್ನು ತೋರಿಸುತ್ತದೆ.

ಮದ್ದು ಹೀಗೆ. ಹಳೆ ನುಡಿಯ ಪಠ್ಯವಿದ್ದರೆ ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ನುಡಿ ಮತ್ತು ಬರಹ ತಂತ್ರಾಂಶಗಳಲ್ಲೇ ಪರಿವರ್ತಕ ಇದೆ. ಆದ ಮೇಲೆ ‘ಧರ್ಮ’, ‘ಮೌರ್ಯ’ದಂಥ ಅರ್ಕಾವತ್ತಿನ ಪದಗಳನ್ನು ಕಣ್ಣಿಟ್ಟು ನೋಡಿ, ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲಿಯೇ. ಎಕ್ಸ್‌ಪಿ ಅಥವಾ ವಿಂಡೋಸ್ 7 ಇರುವ ಕಡೆ ಒಯ್ಯುವುದಾದರೆ ತುಂಗಾದಲ್ಲೇ ಸ್ಲೈಡ್ ಮಾಡಿ. ಚಂದ ಕಡಿಮೆ, ಆದರೆ ಅಲ್ಲಿ ಇರುವುದು ಅದೇ. ವಿಂಡೋಸ್ 10ರಲ್ಲಿ ತುಂಗಾ ತಾನಾಗಿ ಇರುವುದಿಲ್ಲ, ಸೆಟ್ಟಿಂಗ್ಸ್‌ನ ಐಚ್ಛಿಕ ಸೌಲಭ್ಯಗಳಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಿಕೊಳ್ಳಬೇಕು. ಎಕ್ಸ್‌ಪಿಯಲ್ಲಿ ಕನ್ನಡದ ಬದಲು ಬರೀ ಚೌಕಗಳು ಕಂಡರೆ ಕಂಟ್ರೋಲ್ ಪ್ಯಾನೆಲ್‌ನ ‘ರೀಜನಲ್ ಆ್ಯಂಡ್ ಲ್ಯಾಂಗ್ವೇಜ್’ಗೆ ಹೋಗಿ ಸಂಕೀರ್ಣ ಲಿಪಿಗಳ ಸಾಲಿಗೆ ಟಿಕ್ ಹಾಕಬೇಕು. ಅದು ಎಕ್ಸ್‌ಪಿ ಸಿಡಿ ಕೇಳಬಹುದು, ಸಿಡಿ ಯಾವ ಬೀರುವಿನಲ್ಲಿದೆಯೋ ದೇವರಿಗೇ ಗೊತ್ತು.

ಫಾಂಟನ್ನು ಫೈಲಿನೊಳಗೇ ಹುದುಗಿಸುವ ಅನುಕೂಲವೂ ಇದೆ: ಫೈಲ್, ಆಪ್ಷನ್ಸ್, ಸೇವ್, ಅಲ್ಲಿ ಕೆಳಗೆ ‘ಎಂಬೆಡ್ ಫಾಂಟ್ಸ್’. ನಾನು ಹಾಕುತ್ತೇನೆ, ಆದರೆ ಅದೊಂದನ್ನೇ ನಂಬಿ ಹೋಗುವುದಿಲ್ಲ. ಎಲ್ಲ ಫಾಂಟ್‌ಗಳೂ ಹುದುಗಿಸಲು ಒಪ್ಪುವುದಿಲ್ಲ.

ಇನ್ನುಳಿದವು ಬೇಗ ಮುಗಿಯುತ್ತವೆ. ಪಿಪಿಟಿ ಮಾಡುವ ಮೊದಲು ಫೈಲ್, ಇನ್ಫೊ, ‘ಚೆಕ್ ಫಾರ್ ಇಶ್ಯೂಸ್’, ‘ಚೆಕ್ ಕಂಪ್ಯಾಟಿಬಿಲಿಟಿ’ ಒತ್ತಿದರೆ ಏನೇನು ಕಳೆದುಹೋಗುತ್ತದೆ ಅಂತ ಪಟ್ಟಿ ಕೊಡುತ್ತದೆ. ಪದಗಳನ್ನು ತುಂಬಿ ಮಾಡುವ ಸಿದ್ಧ ನಕ್ಷೆಗಳಾದ ಸ್ಮಾರ್ಟ್‌ಆರ್ಟ್ 2007ರಲ್ಲಿ ಹುಟ್ಟಿದ್ದು, 2003ಕ್ಕೆ ಅದು ಬರೀ ಚಿತ್ರವಾಗಿ ಹೋಗುತ್ತದೆ, ಅಲ್ಲಿ ಅಕ್ಷರ ತಿದ್ದಲು ಬರುವುದಿಲ್ಲ. ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಹೋಗುವಾಗಿನ ಮಾರ್ಫ್ ಎಂಬ ಹೊಸ ಟ್ರಾನ್ಸಿಷನ್ ಹಳೆಯದರಲ್ಲಿ ಮೆಲ್ಲಗೆ ಮಾಸುವ ಫೇಡ್ ಆಗುತ್ತದೆ, ಅದರಿಂದ ಯಾರಿಗೂ ನಷ್ಟವಿಲ್ಲ. ವಿಡಿಯೊ ಕಥೆ ಬೇರೆ. 2010ರಿಂದೀಚೆಗೆ ವಿಡಿಯೊ ಫೈಲಿನೊಳಗೇ ಕೂರುತ್ತದೆ, ಅದಕ್ಕೂ ಹಿಂದೆ ಬರೀ ದಾರಿ ತೋರಿಸುವ ಕೊಂಡಿ ಇರುತ್ತಿತ್ತು. ಹೊಸದರಲ್ಲಿ ಒಳಗೆ ಕೂರಿಸಿದ ವಿಡಿಯೊ 2003, 2007ರಲ್ಲಿ ಚಿತ್ರದಂತೆ ಸುಮ್ಮನೆ ನಿಲ್ಲುತ್ತದೆ. ವಿಡಿಯೊವನ್ನು ಬೇರೆ ಫೈಲಾಗಿ ಒಯ್ದು ಆ ಹೊತ್ತಿಗೆ ಪ್ಲೇಯರ್‌ನಲ್ಲಿ ಓಡಿಸುವುದೇ ವಾಸಿ.

ಪರದೆಯ ಅಳತೆಯ ಲೆಕ್ಕವೂ ಒಂದಿದೆ. 2013ರಿಂದ ಹೊಸ ಸ್ಲೈಡ್ 16:9 ಅಗಲದಲ್ಲಿ ತೆರೆಯುತ್ತದೆ, ಹಳೆ ಪ್ರೊಜೆಕ್ಟರ್ 4:3. ಅದರ 1024×768 ಚುಕ್ಕೆಗಳಲ್ಲಿ ಅಗಲದ ಸ್ಲೈಡ್ ಕೂರುವುದು 576ರ ಎತ್ತರದಲ್ಲಿ, ಉಳಿದ 192 ಮೇಲೆ ಕೆಳಗೆ ಕಪ್ಪು ಪಟ್ಟಿ. ಅಂದರೆ ಗೋಡೆಯ ಕಾಲು ಭಾಗ ವ್ಯರ್ಥ, ಹಿಂದಿನ ಬೆಂಚಿಗೆ ಅಕ್ಷರ ಸಣ್ಣ. ಮೊದಲೇ ಡಿಸೈನ್‌ನ ಸ್ಲೈಡ್ ಸೈಜ್‌ನಲ್ಲಿ 4:3 ಆರಿಸಿಕೊಂಡು ಶುರು ಮಾಡಿ. ಎಲ್ಲ ಮುಗಿದ ಮೇಲೆ ಬದಲಿಸಿದರೆ ಜೋಡಿಸಿದ್ದೆಲ್ಲ ಮತ್ತೆ ಜೋಡಿಸಬೇಕು.

ಇಷ್ಟೆಲ್ಲ ಯಾಕೆ, ಪಿಡಿಎಫ್ ಮಾಡಿಬಿಟ್ಟರಾಯಿತಲ್ಲ ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಫಾಂಟ್ ಅದರಲ್ಲೇ ಅಡಗುತ್ತದೆ, ಅಕ್ಷರ ಕದಲುವುದಿಲ್ಲ, ಕಂಟ್ರೋಲ್ ಜೊತೆ ಎಲ್ ಒತ್ತಿದರೆ ಅಡೋಬಿ ರೀಡರ್‌ನಲ್ಲಿ ಪೂರ್ತಿ ಪರದೆಗೆ ಬರುತ್ತದೆ. ಆದರೆ ಚಲನೆ ಇರುವುದಿಲ್ಲ, ಸ್ಲೈಡಿನ ಮೇಲೆ ಇದ್ದದ್ದೆಲ್ಲ ಒಂದೇ ಸಲ ಕಾಣಿಸುತ್ತದೆ. ನನ್ನ ಒಂದು ಸ್ಲೈಡ್ ಹೀಗಿತ್ತು: ‘ಶಾಸನಗಳಲ್ಲಿ ದೇವಾನಾಂಪ್ರಿಯ ಅಂತ ಕರೆದುಕೊಂಡ ಅರಸ ಯಾರು?’ ಒಂದು ಕ್ಲಿಕ್ ಆದ ಮೇಲೆ ‘ಅಶೋಕ’ ಎಂಬ ಹೆಸರು ಹಾರಿ ಬಂದು ಕೂರಬೇಕು. ಮಸ್ಕಿಯ ಮಹತ್ವವೇ ಅದು ತಾನೇ, 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಕಂಡ ಆ ಬಂಡೆಯಲ್ಲಿ ಬಿರುದಿನ ಜೊತೆ ಹೆಸರೂ ಇತ್ತು. ಪಿಡಿಎಫ್‌ನಲ್ಲಿ ಪ್ರಶ್ನೆಯ ಬುಡದಲ್ಲೇ ಉತ್ತರ ಕೂತುಬಿಟ್ಟಿತು. ಮಕ್ಕಳು ನಾನು ಬಾಯಿ ತೆರೆಯುವ ಮೊದಲೇ ಒಕ್ಕೊರಲಿನಿಂದ ‘ಅಶೋಕಾ’ ಅಂದರು.

ಈಗ ನಾನು ಅನಿಮೇಷನ್ ಹಾಕುವುದನ್ನೇ ಬಿಟ್ಟಿದ್ದೇನೆ. ಪ್ರಶ್ನೆ ಬರೆದ ಸ್ಲೈಡ್ ಆರಿಸಿ ಕಂಟ್ರೋಲ್ ಜೊತೆ ಡಿ ಒತ್ತುತ್ತೇನೆ, ತದ್ರೂಪು ಇನ್ನೊಂದು ಬರುತ್ತದೆ. ಎರಡನೆಯದರಲ್ಲಿ ಮಾತ್ರ ಉತ್ತರ ಸೇರಿಸುತ್ತೇನೆ. ಮುಂದಕ್ಕೆ ಒತ್ತಿದರೆ ಪ್ರಶ್ನೆ ನಿಂತಲ್ಲೇ ನಿಂತು ಉತ್ತರ ಮೂಡಿದಂತೆ ಕಾಣುತ್ತದೆ. 12 ಸ್ಲೈಡ್ 19 ಆಯಿತು. ಪಿಪಿಟಿ, ಪಿಡಿಎಫ್, ಮೊಬೈಲ್, ಎಲ್ಲದರಲ್ಲೂ ಒಂದೇ ಥರ ನಡೆಯುತ್ತದೆ. ಪೆನ್‌ಡ್ರೈವ್‌ನಲ್ಲಿ ಈಗ ಪಾಠಕ್ಕೊಂದು ಫೋಲ್ಡರ್, ಅದರಲ್ಲಿ ಪಿಪಿಟಿಎಕ್ಸ್, ಪಿಪಿಟಿ, ಪಿಡಿಎಫ್ ಮೂರೂ.

ಹೋಗುವ ಮೊದಲು ಶಾಲೆಗೊಂದು ಫೋನ್ ಮಾಡಿ. ‘ಯಾವ ವರ್ಷನ್ ಐತ್ರಿ’ ಅಂತ ಕೇಳಬೇಡಿ, ‘ಹೊಸಾದ ಐತ್ರಿ’ ಅಂತಾರೆ. ಪವರ್‌ಪಾಯಿಂಟ್ ತೆರೆಸಿ, ಎಡಗಡೆ ಮೇಲಿನ ಮೂಲೆಯಲ್ಲಿ ಏನಿದೆ ಅಂತ ಕೇಳಿ. ಗುಂಡಿಗಳ ಅಗಲ ಪಟ್ಟಿ ಇಲ್ಲದೆ ‘ಫೈಲ್, ಎಡಿಟ್, ವ್ಯೂ’ ಅಂತ ಬರೀ ಪದಗಳ ಸಾಲಿದ್ದರೆ 2003 ಅಥವಾ ಅದಕ್ಕೂ ಹಳೆಯದು. ಅಗಲ ಪಟ್ಟಿ ಇದ್ದು ಮೂಲೆಯಲ್ಲಿ ‘ಫೈಲ್’ ಅಂತ ಇದ್ದರೆ 2010 ಅಥವಾ ಆಮೇಲಿನದು. ಮೊನ್ನೆ ಮುಂದಿನ ಶಾಲೆಯ ಮೇಷ್ಟ್ರಿಗೆ ಹೀಗೇ ಕೇಳಿದೆ. ಫೋನ್ ಹಿಡಿದುಕೊಂಡೇ ಲ್ಯಾಬಿಗೆ ನಡೆದು ಹೋಗಿ ನೋಡಿದರು. ‘ಪದ ಏನೂ ಇಲ್ಲ ತಮ್ಮಾ, ರೂಪಾಯಿ ಬಿಲ್ಲೆಯಂಗ ದುಂಡಗ ಒಂದೈತಿ, ಒಳಗ ನಾಕ ಬಣ್ಣ.’

ದುಂಡನೆಯ ಗುಂಡಿ ಇರುವುದು 2007ರಲ್ಲಿ ಮಾತ್ರ. ಪಿಪಿಟಿಎಕ್ಸ್ ತೆರೆಯುತ್ತದೆ, ವಿಡಿಯೊ ಬೇರೆ ಒಯ್ಯಬೇಕು. ವಿಂಡೋಸ್ ಯಾವುದು ಅಂತ ಕೇಳುವಷ್ಟರಲ್ಲಿ ಅಲ್ಲಿ ಕರೆಂಟ್ ಹೋಯಿತು, ಹಾಗಾಗಿ ಸ್ಲೈಡ್‌ಗಳನ್ನು ತುಂಗಾದಲ್ಲೇ ಮಾಡುತ್ತಿದ್ದೇನೆ.